ಆಕಳಿಕೆಯ ಘರಾಣೆ

ನಮ್ಮ ಸಂಗೀತದ ಗುರುಗಳ ಶ್ರದ್ಧಾಂಜಲಿ ಸಭೆಯಲ್ಲಿ, ಮೌನಾಚರಣೆ ಮುಗಿಯುವ ಮೊದಲೇ, ಮುಂದಿನ ಸಾಲಿನವರೆಲ್ಲ ಒಬ್ಬರಾದ ಮೇಲೊಬ್ಬರು ಆಕಳಿಸಿದರು.

ಮೊದಲು ಆಕಳಿಸಿದವನು ಮೋಮಿನಪುರದಲ್ಲಿ ಬೆಳಗಿನ ತಹರಿ ಅನ್ನದ ಹೋಟೆಲು ನಡೆಸುವ ರಫೀಕ್. ಬಾಯಿ ಅಗಲಿಸಿ, ಕೈ ಅಡ್ಡ ಹಿಡಿದು, ಕೊನೆಗೆ ದೇವರ ಹೆಸರು ಹೇಳುವ ಸಾರ್ವಜನಿಕ ಪದ್ಧತಿಯ ಆಕಳಿಕೆಯಲ್ಲ ಅದು. ತುಟಿಗಳು ಕೂಡಿಕೊಂಡೇ ಇದ್ದವು. ಮೂಗಿನ ಹೊಳ್ಳೆ ಅರಳಿತು, ಗಂಟಲಮಣಿ ಕೆಳಗಿಳಿಯಿತು, ಕಣ್ಣಲ್ಲಿ ನೀರಾಡಿತು. ಅವನಿಂದ ಅದು ಕಮಲಾಪುರದ ಹೈಸ್ಕೂಲಿನ ಟೀಚರ್ ಶರಣಮ್ಮನವರಿಗೆ ದಾಟಿತು, ಅವರಿಂದ ನನಗೆ, ನನ್ನಿಂದ ಹಿಂದಿನವರಿಗೆ. ಕಣ್ಣೀರು ದುಃಖದ್ದೋ ಆಕಳಿಕೆಯದ್ದೋ ಎಂದು ಯಾರಾದರೂ ವಿಚಾರಣೆ ನಡೆಸಿದ್ದರೆ ನಾವು ಪ್ರಮಾಣ ಮಾಡಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಅಧ್ಯಕ್ಷತೆಗೆ ಒಬ್ಬ ನಿವೃತ್ತ ಅಧಿಕಾರಿಯನ್ನು ಕರೆದಿದ್ದರು. ಅವರಿಗೂ ಸಂಗೀತಕ್ಕೂ ಇದ್ದ ಸಂಬಂಧವೆಂದರೆ, ಬ್ರಹ್ಮಪುರದಲ್ಲಿ ಗುರುಗಳ ಮನೆಯ ಹಿಂದಿನ ಗಲ್ಲಿಯಲ್ಲೇ ಅವರ ಮನೆ ಇದ್ದದ್ದು. ಸಭೆ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದರು.

"ಏನ್ರಿ ಇದು? ಎರಡು ನಿಮಿಷ ಸುಮ್ನ ನಿಂದ್ರಲಿಕ್ಕೂ ಮಂದಿಗಿ ಬ್ಯಾಸರಾ? ನಾ ಇನ್ನಾ ಭಾಷಣ ಸುರುನೇ ಮಾಡಿದ್ದಿಲ್ಲ."

"ಅದು ಬ್ಯಾಸರ ಅಲ್ರಿ ಸಾಹೇಬ್ರ, ಮರ್ಯಾದಿ."

ಅವರು ನನ್ನನ್ನು ನೋಡಿದರು. ಸೇವೆಯಲ್ಲಿದ್ದಾಗ ಇಂಥ ಸಮಜಾಯಿಷಿಗಳನ್ನು ಬಹಳ ಓದಿದವರ ನೋಟ ಅದು. ಅವರ ಸಮಾಧಾನಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಅವರು ಓದುತ್ತಾರೆಂಬ ಭರವಸೆ ಏನೂ ಇಲ್ಲ.

ಗುರುಗಳು ಬ್ರಹ್ಮಪುರದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಿಂದೂಸ್ತಾನಿ ಗಾಯನ ಕಲಿಸುತ್ತಿದ್ದರು. ರವಿವಾರ ಮಾತ್ರ ಕಮಲಾಪುರಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿ ಪಾಠ. ಆಳು ಗಿಡ್ಡ, ಮೈ ದಪ್ಪ. ಕುತ್ತಿಗೆ ಎಂಬುದು ಅವರಲ್ಲಿ ತಲೆಗೂ ಹೆಗಲಿಗೂ ನಡುವೆ ಕಾಗದದ ಮೇಲಷ್ಟೇ ಉಳಿದ ಗಡಿಯಾಗಿತ್ತು. ಕಚೇರಿಗಳಲ್ಲಿ ದೊಡ್ಡ ಹೆಸರು ಮಾಡಿದವರಲ್ಲ, ಮಾಡಲು ಹೊರಟವರೂ ಅಲ್ಲ. ಅವರ ಆಸಕ್ತಿಯೆಲ್ಲ ಮನುಷ್ಯನ ಬಾಯಿಯ ಹಿಂಭಾಗದಲ್ಲಿರುವ, ಒಂದು ವೀಳ್ಯದೆಲೆಯಷ್ಟೂ ಅಗಲವಿಲ್ಲದ ಮೆತ್ತನೆಯ ಜಾಗದ ಮೇಲಿತ್ತು. ಬದುಕನ್ನು ಅಷ್ಟು ಚಿಕ್ಕ ಜಾಗದಲ್ಲಿ ಕಳೆದವರನ್ನು ನಾನು ಬೇರೆ ಕಂಡಿಲ್ಲ.

ನಾನು ಅವರಲ್ಲಿಗೆ ಹೋದದ್ದು ನಿವೃತ್ತನಾದ ಮೇಲೆ. ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಒಂದು ಸಭೆ ಸೇರಿ, ನಾನು ಯಾವುದಾದರೊಂದು ವಿದ್ಯೆ ಕಲಿಯತಕ್ಕದ್ದೆಂದೂ, ಅದು ಮನೆಯ ಹೊರಗೆ ಕಲಿಯುವಂಥದ್ದಾಗಿರಬೇಕೆಂದೂ ನಿರ್ಣಯವಾಯಿತು. ಮೊದಲ ದಿನ ಗುರುಗಳು "ಸಾ ಅನ್ರಿ" ಎಂದರು. ನಾನು ಅಂದೆ. ಅಂದು ಮುಗಿಸುವುದರೊಳಗೆ ಅವರ ಕೈ ಬಂದು ನನ್ನ ಮೂಗನ್ನು ಹಿಡಿಯಿತು. ಅರವತ್ತು ದಾಟಿದ ಮೇಲೆ ಮೂಗು ಹಿಡಿಸಿಕೊಂಡ ಅನುಭವ ನನಗಿರಲಿಲ್ಲ. ನನ್ನ 'ಸಾ' ಅರ್ಧದಲ್ಲೇ ಉಸಿರುಕಟ್ಟಿ, ಹಳೆಯ ಸ್ಕೂಟರಿನ ಹಾರ್ನಿನಂತಾಯಿತು.

"ನೋಡ್ರಿ," ಅಂದರು. "ಆ ಅನ್ನೂ ಆಕಾರಕ್ಕ ಮೂಗಿನ ಸಂಬಂಧ ಇಲ್ಲ. ಮೂಗು ಹಿಡದ್ರ ಧ್ವನಿ ಬದಲಾಗಬಾರದು. ಬದಲಾತಂದ್ರ ಗಾಳಿ ಅತ್ತಾಗ ಸೋರಲಾಕತ್ತದ. ನಿಮ್ಮ ಧ್ವನಿ ಮೂಗಿನಾಗ ಬಾಡಗಿಗಿ ಅದರಿ. ಖಾಲಿ ಮಾಡಸಬೇಕು."

ಆ ಬಾಡಿಗೆದಾರ ಬಹಳ ಹಳಬ. ಗುರುಗಳು ಕೊನೆಯವರೆಗೂ ತಗಾದೆ ಮಾಡಿದರು. ಅವನು ಇನ್ನೂ ಅಲ್ಲೇ ಇದ್ದಾನೆ.

ಅವರ ಶಾಸ್ತ್ರ ಇಷ್ಟು. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದಿನಿಂದ ಅಂಗುಳದುದ್ದಕ್ಕೂ ಹಿಂದೆ ಎಳೆದರೆ ಮೊದಲು ಗಟ್ಟಿ ಜಾಗ. ಅದು ಫರಸಿ, ನಮ್ಮ ಕಡೆಯ ಮನೆಗಳಿಗೆ ಹಾಸುವ ಕಲ್ಲು. ಇನ್ನೂ ಹಿಂದೆ ಹೋದರೆ ಮೆತ್ತಗಾಗುತ್ತದೆ. ಅದು ಪರದೆ. ಕಿರುನಾಲಿಗೆ ಆ ಪರದೆಯ ಗೊಂಡೆ. ಪರದೆ ಇಳಿದರೆ ಧ್ವನಿ ಮೂಗಿಗೆ ಹೋಗುತ್ತದೆ, ಏರಿದರೆ ಮೂಗಿನ ದಾರಿ ಮುಚ್ಚಿ ಬಾಯೊಳಗೆ ಒಂದು ಗುಮ್ಮಟ ಎದ್ದು ನಿಲ್ಲುತ್ತದೆ. "ಫರಸಿ ನಿಮ್ಮ ಕೈಯಾಗಿಲ್ಲ. ಅದನ್ನ ದೇವರು ಹಾಸ್ಯಾನ. ಪರದಾ ನಿಮ್ಮದು. ಅದನ್ನ ಎತ್ರಿ."

ಎತ್ತುವುದು ಹೇಗೆ? ಕಾಣದ ಅಂಗವನ್ನು ಎತ್ತು ಎಂದರೆ ಶಿಷ್ಯರು ಹುಬ್ಬು ಎತ್ತುತ್ತಿದ್ದರು. ಅದಕ್ಕೆ ಅವರಲ್ಲಿ ಉಪಾಯಗಳಿದ್ದವು. ಒಂದು, 'ಗಂಗಾ' ಅನ್ನಿಸುವುದು. 'ಗಂ' ಎಂದಾಗ ಪರದೆ ಇಳಿಯುತ್ತದೆ, 'ಗಾ' ಎಂದಾಗ ಏರುತ್ತದೆ. ನಿಧಾನವಾಗಿ ಅಂದರೆ ಅದರ ಓಡಾಟ ತಿಳಿಯುತ್ತದೆ. ದಿನವೂ ಸಂಜೆ ಕೋಣೆಯಲ್ಲಿ ಕೂತವರೆಲ್ಲ ಒಟ್ಟಿಗೆ ಗಂಗಾ, ಗಂಗಾ ಎನ್ನುತ್ತಿದ್ದೆವು. ಗುರುಗಳ ಹೆಂಡತಿಯ ಹೆಸರೂ ಗಂಗಾಬಾಯಿಯೇ. ಗುರುಗಳು ಹಳೆಯ ಕಾಲದವರು, ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. "ಏ, ಕೇಳ್ತೇನು" ಎಂಬುದೇ ಆ ಮನೆಯಲ್ಲಿ ಅವರ ಹೆಸರು. ಬೇಕಾದಷ್ಟು ಶಬ್ದಗಳಿರುವಾಗ ಪಾಠಕ್ಕೆ ಅದೊಂದನ್ನೇ ಯಾಕೆ ಆರಿಸಿದರೆಂದು ಯಾರೂ ಕೇಳಲಿಲ್ಲ. ಗಂಗಾಬಾಯಿಯವರ ತಕರಾರು ಬೇರೆಯೇ ಇತ್ತು.

"ಇಷ್ಟು ಮಂದಿ ದಿನಾ ನನ್ನ ಹೆಸರ ಕರೀತೀರಿ, ಒಬ್ಬರರ ಒಂದು ಕೊಡಾ ನೀರು ಎತ್ತಿ ಒಳಗ ಇಟ್ಟೀರೇನ್ರಿ?"

ಎರಡನೆಯ ಉಪಾಯ ಮಿರ್ಚಿ ಭಜಿ. ಹೊಸ ಶಿಷ್ಯರನ್ನು ಗುರುಗಳು ಬೀದಿಯ ಕೊನೆಯ ಭಜಿ ಬಂಡಿಯ ಹತ್ತಿರ ನಿಲ್ಲಿಸುತ್ತಿದ್ದರು. ತಿನ್ನಲಿಕ್ಕಲ್ಲ, ತಿನ್ನುವವರನ್ನು ನೋಡಲಿಕ್ಕೆ. ಕುದಿಯುವ ಎಣ್ಣೆಯಿಂದ ಆಗಷ್ಟೇ ಎದ್ದ ಭಜಿಯನ್ನು ಬಾಯಿಗೆ ಹಾಕಿಕೊಂಡವನು ಉಗುಳಲಾರ, ನುಂಗಲಾರ. ಅವನು ಬಾಯೊಳಗೇ ಛಾವಣಿ ಎತ್ತಿ ಭಜಿಗೆ ಜಾಗ ಮಾಡಿಕೊಡುತ್ತಾನೆ. ಒಂದು ಸಲ ಹಾಗೆ ಛಾವಣಿ ಎತ್ತಿಕೊಂಡಿದ್ದವನ ಮುಖದ ಹತ್ತಿರ ಹೋಗಿ ಗುರುಗಳು ನಿಂತರು. ಅವನು ಕಷ್ಟಪಟ್ಟು ಕೇಳಿದ.

"ಹಾ… ಏನ್ ನೋಡ್ಲಾಕತ್ತೀರಿ ಯಜಮಾನ್ರ?"

"ಏನಿಲ್ಲಪಾ, ನೀ ಭಾಳ ಛಂದ ಹಾಡ್ತಿ."

"ನಂಗೆಲ್ಲಿ ಹಾಡ್ಲಿಕ್ಕ ಬರ್ತದರಿ."

"ಈಗ ಬರ್ತದ. ಒಂದು ಸಾ ಅನ್ನು. ನುಂಗೂಕಿನ ಮೊದಲ ಅನ್ನು."

ಅವನು ಅಂದನೇ ಎಂದು ಕೇಳಬೇಡಿ. ಅಂದ. ಚೆನ್ನಾಗಿಯೇ ಇತ್ತು.

ಆದರೆ ಪಾಠದ ಬುನಾದಿ ಇದ್ದದ್ದು ಮೂರನೆಯ ಉಪಾಯದ ಮೇಲೆ: ಆಕಳಿಕೆ. ಆಕಳಿಕೆಯ ಆರಂಭದಲ್ಲಿ, ಬಾಯಿ ಇನ್ನೂ ತೆರೆಯುವ ಮೊದಲು, ಪರದೆ ತಾನಾಗಿ ಎಷ್ಟು ಎತ್ತರ ಹೋಗುತ್ತದೋ ಅಷ್ಟು ಎತ್ತರ ಬೇರೆ ಯಾವಾಗಲೂ ಹೋಗುವುದಿಲ್ಲ. ಆ ಕ್ಷಣವನ್ನು ಹಿಡಿದು, ಅದರೊಳಗೆ 'ಸಾ' ಇಡಬೇಕು. ಬೇರೆ ಕಡೆ ತಂಬೂರಿಗೆ ನಮಸ್ಕಾರ ಮಾಡಿ ಪಾಠ ಶುರುವಾದರೆ, ನಮ್ಮಲ್ಲಿ ನಮಸ್ಕಾರವಾದ ಮೇಲೆ ಆಕಳಿಕೆ. ಗುರುಗಳು ಮೊದಲು ಆಕಳಿಸುತ್ತಿದ್ದರು. ಅದು ಸಾಲಿನಲ್ಲಿ ಹರಿದು ಬರುತ್ತಿತ್ತು. ಅವರಿಗೆ ಆಕಳಿಕೆ ಕರೆದಾಗ ಬರುತ್ತಿತ್ತು, ಕರೆಯದೆಯೂ ಬರುತ್ತಿತ್ತು. ಮಾತಿನ ಮಧ್ಯೆ, ಚಹಾದ ಮಧ್ಯೆ, ಹಾಡುವ ತಾನಿನ ಮಧ್ಯೆ. ನಾವು ಅದನ್ನು ಸಿದ್ಧಿ ಎಂದು ತಿಳಿದಿದ್ದೆವು. ಹೊರಗಿನ ಮಂದಿ ನಮ್ಮನ್ನು 'ಆಕಳಿಕಿ ಘರಾಣಾ' ಎನ್ನುತ್ತಿದ್ದರು. ಗುರುಗಳಿಗೆ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆ. ಅಜ್ಜ, ಮುತ್ತಜ್ಜ ಯಾರೂ ಇಲ್ಲದೆ ಘರಾಣೆ ಆಗುವುದು ಸುಲಭವಲ್ಲ.

ಅವರ ಇನ್ನೊಂದು ಗುಣ ನಿದ್ದೆ. ಕಮಲಾಪುರದ ಬಸ್ಸು ಊರ ಹೊರಗೆ ತಿರುಗುವುದರೊಳಗೆ ಅವರು ನಿದ್ದೆ ಹೋಗುತ್ತಿದ್ದರು, ಮತ್ತು ಗೊರಕೆ ಹೊಡೆಯುತ್ತಿದ್ದರು. ಹಳೆಯ ಕಂಡಕ್ಟರುಗಳಿಗೆ ಅವರ ಪರಿಚಯ ಇತ್ತು, ಕಮಲಾಪುರ ಬಂದಾಗ ಎಬ್ಬಿಸಿ ಇಳಿಸುತ್ತಿದ್ದರು. ಹೊಸ ಕಂಡಕ್ಟರು ಬಂದ ರವಿವಾರ ಅವರು ಹುಮನಾಬಾದಿಗೆ ಹೋಗಿ, ಅಲ್ಲಿ ಒಂದು ಚಹಾ ಕುಡಿದು, ತಿರುಗಿ ಬಂದರು. "ಊರು ನೋಡಿದಂಗಾತು" ಅಂದರು.

ನಮಗೆ ಇದೆಲ್ಲ ನಗುವ ವಿಷಯ. ಗಂಗಾಬಾಯಿಯವರಿಗೆ ಅಲ್ಲ ಎಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ. ಪಾಠಕ್ಕೆ ಬೇಗ ಬಂದು ಕೂತಿದ್ದೆ. ಅವರು ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದರು. ಒಳಗೆ ಗುರುಗಳ ಗೊರಕೆ ನಡೆದಿತ್ತು. "ಗುರುಗಳ ಗೊರಕಿನೂ ಸುರಿನಾಗ ಅದ ನೋಡ್ರಿ ಅಮ್ಮೋರ" ಎಂದು ನಾನು ತಮಾಷೆ ಮಾಡಿದೆ. ಅವರು ಮೊರ ಕೆಳಗಿಟ್ಟರು.

"ನಿಮಗ ಗೊರಕಿ ಕೇಳ್ತದ. ನನಗ ಗೊರಕಿ ನಿಂತದ್ದು ಕೇಳ್ತದ. ಅದು ನಿಂತಾಗ ಉಸರೂ ನಿಂತಿರ್ತದರಿ. ಎದ್ದು ಪಕ್ಕಡಿಗಿ ತಿವೀತೀನಿ, ಆಮ್ಯಾಲ ಸುರು ಆಗ್ತದ. ಎಷ್ಟು ವರ್ಷಾತು, ನಾ ಕಣ್ಣಿಗಿ ಕಣ್ಣು ಹಚ್ಚಿಲ್ಲ. ಒಂದು ದಿನ ನನಗೇ ನಿದ್ದಿ ಹತ್ತಿಬಿಟ್ರ?"

ಮಾತು ಮುಗಿಯುವ ಹೊತ್ತಿಗೆ ಒಳಗೆ ಸದ್ದು ನಿಂತಿತ್ತು. ಅವರು ಎದ್ದು ಹೋದರು.

ಅವರು ಗಂಡನನ್ನು ಡಾಕ್ಟರರ ಹತ್ತಿರ ಕರೆದೊಯ್ಯದೆ ಇರಲಿಲ್ಲ. ಅಲ್ಲೇ ತೊಡಕಾದದ್ದು. ಗಂಟಲಿನ ಡಾಕ್ಟರು ಯಾರೇ ಆದರೂ ಮೊದಲು ಹೇಳುವುದು "ಬಾಯಿ ತೆಗದು ಆ ಅನ್ರಿ" ಎಂದು. ಗುರುಗಳು ಆ ಅಂದರು. ಅವರಿಗೆ ಒಂದೇ ಬಗೆಯ ಆ ಬರುತ್ತಿತ್ತು. ನೆಟ್ಟಗೆ ಕೂತು, ಉಸಿರು ತಗೊಂಡು, ಪರದೆಯನ್ನು ನೆತ್ತಿಗೆ ಏರಿಸಿ ಷಡ್ಜ ಹಚ್ಚಿದರು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರೆ ಒಳಗೆ ವಿಶಾಲವಾದ ಸಭಾಂಗಣ. ಅಡ್ಡಿ ಎಲ್ಲಿದೆ? "ಇಷ್ಟು ಛಂದನ ಗಂಟಲಾ ನಾ ನೋಡಿಲ್ರಿ" ಎಂದು ಮೊದಲನೆಯವರು ಕಳಿಸಿದರು. ಎರಡನೆಯವರೂ ಅದನ್ನೇ ಹೇಳಿ, ಮೇಲಾಗಿ ಒಂದು ಭಜನೆ ಹಾಡಿಸಿಕೊಂಡರಂತೆ. ಗುರುಗಳು ಇದನ್ನು ಪ್ರಶಸ್ತಿ ಬಂದವರಂತೆ ನಮಗೆ ಹೇಳಿದರು.

"ಡಾಕ್ಟರ್ ಮುಂದ ಹಾಡಬ್ಯಾಡ್ರಿ," ಎಂದರು ಗಂಗಾಬಾಯಿ ಒಳಗಿನಿಂದ. "ಸುಮ್ನ ಬಾಯಿ ತಗೀರಿ."

"ಸುಮ್ನ ಬಾಯಿ ಹೆಂಗ ತಗೀತಾರ?" ಎಂದು ಗುರುಗಳು ನಮ್ಮನ್ನು ಕೇಳಿದರು. ತಮಾಷೆಗಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಗಂಗಾಬಾಯಿಯವರ ಅಂಜಿಕೆ ಎಂಥದೆಂದು ನಮಗೆಲ್ಲ ಗೊತ್ತಾದದ್ದು ಕಮಲಾಪುರದಲ್ಲಿ. ಅಲ್ಲಿ ಪಾಠ ಒಬ್ಬ ಬಾಳೆಹಣ್ಣಿನ ವ್ಯಾಪಾರಿಯ ಪಡಸಾಲೆಯಲ್ಲಿ. ಒಂದು ಬದಿಗೆ ಕೆಂಪು ಬಾಳೆಯ ಗೊನೆಗಳು, ಇನ್ನೊಂದು ಬದಿಗೆ ನಾವು. ಆ ರವಿವಾರ ರಫೀಕ್ ಮತ್ತು ನಾನೂ ಜೊತೆಗೆ ಹೋಗಿದ್ದೆವು. ಬಿಸಿಲು ಬಹಳ. ಶರಣಮ್ಮ ಎಂದಿನಂತೆ ಪಾಠವನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳುತ್ತಿದ್ದರು. ಗುರುಗಳು ಭೀಮಪಲಾಸಿ ರಾಗದ ಒಂದು ತುಣುಕು ಹಾಡಿದರು, "ನಿಷಾದದ ಮ್ಯಾಲ ಪರದಾ ಬೀಳಸಬ್ಯಾಡ್ರಿ" ಎಂದರು, ಗೋಡೆಗೆ ಒರಗಿದರು, ನಿದ್ದೆ ಹೋದರು. ನಾವು ಗುರುಗಳನ್ನು ಎಬ್ಬಿಸುವುದು ಹೇಗೆಂದು ಸುಮ್ಮನೆ ಕೂತೆವು. ಕರೆಂಟಿನ ತಂಬೂರಿ ಪೆಟ್ಟಿಗೆ ತನ್ನ ಪಾಡಿಗೆ ನುಡಿಯುತ್ತಿತ್ತು. ಗೊರಕೆ ಏರಿತು, ಏರಿತು, ನಿಂತಿತು. ತಂಬೂರಿ ಒಂದೇ ಉಳಿಯಿತು. ರಫೀಕ್ ನನ್ನ ಮುಖ ನೋಡಿದ. ಶರಣಮ್ಮ ಅರ್ಧ ಎದ್ದರು. ಆಗ ಗುರುಗಳು ನೀರಿನಿಂದ ತಲೆ ಎತ್ತಿದವರಂತೆ ಒಮ್ಮೆ ಎಳೆದು, ಕಣ್ಣು ಬಿಟ್ಟು, "ಹಾಂ, ಏನ್ ಹೇಳ್ಲಾಕತ್ತಿದ್ದೆ?" ಎಂದರು.

ಮೂರನೆಯ ಡಾಕ್ಟರು ಒಬ್ಬ ಹೆಣ್ಣುಮಗಳು, ವಯಸ್ಸು ಚಿಕ್ಕದು. ಆ ಸಲ ಗಂಗಾಬಾಯಿಯವರ ಜೊತೆ ರಫೀಕ್ ಮತ್ತು ನಾನೂ ಹೋದೆವು. ಆ ಅನ್ನಿ ಎನ್ನುವ ಮೊದಲೇ ರಫೀಕ್ ಶರಣಮ್ಮ ಕಳಿಸಿದ್ದ ರೆಕಾರ್ಡು ಹಚ್ಚಿ ಫೋನು ಮೇಜಿನ ಮೇಲಿಟ್ಟು, "ಮ್ಯಾಡಮ್, ಪೆಹಲೆ ಇದು ಕೇಳ್ರಿ" ಎಂದ. ಭೀಮಪಲಾಸಿ ಬಂತು, ನಿಷಾದದ ಮಾತು ಬಂತು, ಗೊರಕೆ ಬಂತು. ಗುರುಗಳು ತಮ್ಮ ಗೊರಕೆಯನ್ನು ಕೇಳಿದ್ದು ಅದೇ ಮೊದಲು. ಮುಗುಳುನಗುತ್ತಲೇ ಕೇಳಿದರು. ಸದ್ದು ನಿಂತು ತಂಬೂರಿ ಉಳಿದಾಗ ಅಭ್ಯಾಸಬಲದಿಂದ ಅವರ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಹಾಡುಗಾರ ನಿಂತರೆ ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಬಂದೇ ಬರಬೇಕಲ್ಲ. ಆವರ್ತನ ಮುಗಿಯಿತು. ಉಸಿರು ಬರಲಿಲ್ಲ. ಬೆರಳು ಇನ್ನೊಂದು ಆವರ್ತನಕ್ಕೆ ಹೋಯಿತು, ನಡುವೆ ಎಲ್ಲೋ ನಿಂತಿತು. ಫೋನಿನಲ್ಲಿ ಆ ದೊಡ್ಡ ಉಸಿರು ಬಂದಾಗ ಅವರು ಗಂಗಾಬಾಯಿಯವರ ಕಡೆ ನೋಡುತ್ತಿದ್ದರು. ಗಂಗಾಬಾಯಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು.

ಡಾಕ್ಟರು ವಿವರಿಸಿದರು. ಎಚ್ಚರದಲ್ಲಿ ಗುರುಗಳು ಎತ್ತಿ ಹಿಡಿಯುವ ಆ ಮೆತ್ತನೆಯ ಪರದೆ ನಿದ್ದೆಯಲ್ಲಿ ಸಡಿಲಾಗಿ ಬಿದ್ದು ಉಸಿರಿನ ದಾರಿಯನ್ನೇ ಮುಚ್ಚುತ್ತಿದೆ. ನಿದ್ದೆ ಪೂರ್ತಿ ಆಗುವುದೇ ಇಲ್ಲ.

"ಹಗಲೆಲ್ಲ ಆಕಳಿಕಿ ಬರ್ತಾವೇನ್ರಿ ಅಜ್ಜಾರ?"

"ಬರ್ತಾವಲ್ರಿ. ಅದು ನನ್ನ ವಿದ್ಯಾ."

"ಅದು ನಿಮ್ಮ ರೋಗದ ಲಕ್ಷಣ ರಿ."

ಪರದೆಯ ಒಂದಿಷ್ಟು ಭಾಗವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ ಎಂದು ಡಾಕ್ಟರು ಹೇಳಿದಾಗ ಗುರುಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಡಾಕ್ಟರು ನಕ್ಕು, ಹಾಗಾದರೆ ಮಲಗುವಾಗ ಮೂಗಿಗೆ ಗಾಳಿ ಊದುವ ಒಂದು ಮಷೀನಿದೆ, ಅದನ್ನು ಹಚ್ಚಿಕೊಳ್ಳಿ ಎಂದರು. ಒಂದು ದಿನ ಪರೀಕ್ಷೆಗೆ ಮಲಗಿಸಿ ಆಯಿತು, ಮಷೀನು ಬಂತು.

ಪಾಠ ನಿಂತಿತು. ವಿಚಾರಿಸಲು ಹೋದ ರಫೀಕನಿಗೆ ಗುರುಗಳು ಹೇಳಿದರಂತೆ: "ನಾ ಸಂಗೀತ ಕಲಿಸಿಲ್ಲಪಾ. ನನ್ನ ರೋಗಾ ನಿಮಗೆಲ್ಲ ಹಚ್ಚಿ, ಮ್ಯಾಲ ಗುರುಪೂರ್ಣಿಮಾಕ್ಕ ಹಾರ ಹಾಕಿಸಿಕೊಂಡೀನಿ."

"ಬೀಮಾರಿ ತೋ ಬೀಮಾರಿ ಉಸ್ತಾದ್, ರೋಗ ಆದ್ರ ಆಗಲಿ," ಎಂದನಂತೆ ರಫೀಕ್. "ಅದರಿಂದ ನಮ್ಮ ಗಂಟಲಾ ತೆರದದಲ್ಲ."

ಗುರುಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೆ ಮಷೀನಿನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಅದರ ಗುಂಯ್ ಎನ್ನುವ ಸದ್ದು ಹಾರ್ಮೋನಿಯಮ್ಮಿನ ಬಿಳಿಯ ನಾಲ್ಕನೆಯ ಪಟ್ಟಿಗಿಂತ ಒಂದು ಕೂದಲು ಕೆಳಗಿದೆ ಎಂದು ಮೊದಲ ದಿನವೇ ಪತ್ತೆ ಮಾಡಿ, ಕಂಪನಿಯವರಿಗೆ ತಿಳಿಸಬೇಕೆಂದರು. ಗಂಗಾಬಾಯಿಯವರ ವರದಿ ಬೇರೆ ಇತ್ತು. "ಗೊರಕಿ ಇದ್ರ ಜೀವ ಅದ ಅಂತ ಗೊತ್ತಾಗ್ತಿತ್ತು. ಈಗ ಸಪ್ಪಳನೇ ಇಲ್ಲ. ಎದ್ದೆದ್ದು ಎದಿ ಮ್ಯಾಲ ಕೈ ಇಟ್ಟು ನೋಡ್ತೀನ್ರಿ."

ಕೆಲವು ವಾರಗಳಲ್ಲಿ ಗುರುಗಳ ಮುಖದ ಬಾವು ಇಳಿಯಿತು. ಗಡಿಯೊಳಗೆ ಅಡಗಿದ್ದ ಕುತ್ತಿಗೆ ಸ್ವಲ್ಪ ಕಾಣಿಸಿಕೊಂಡಿತು. ಪಾಠವಿಲ್ಲದಿದ್ದರೂ ಒಂದು ದಿನ ಕಮಲಾಪುರಕ್ಕೆ ಬಸ್ಸಿನಲ್ಲಿ ಹೋಗಿ, ದಾರಿಯುದ್ದಕ್ಕೂ ಎಚ್ಚರವಿದ್ದು ಬಂದು, "ಆ ದಾರ್ಯಾಗ ಇಷ್ಟು ಬೇವಿನ ಗಿಡ ಅವ ಅಂತ ಗೊತ್ತೇ ಇದ್ದಿಲ್ಲ" ಎಂದರು. ಪಾಠ ಮತ್ತೆ ಶುರು ಮಾಡಬೇಕೆಂದು ಶರಣಮ್ಮ ಹಟ ಹಿಡಿದರು. ಒಂದು ಮಧ್ಯಾಹ್ನ ಬ್ರಹ್ಮಪುರದ ಕೋಣೆಯಲ್ಲಿ ಎಲ್ಲರೂ ಕೂತೆವು. ತಂಬೂರಿಗೆ ನಮಸ್ಕಾರವಾಯಿತು. ಗುರುಗಳು ಕಣ್ಣು ಮುಚ್ಚಿ ಆಕಳಿಕೆಗೆ ಕಾದರು.

ಬರಲಿಲ್ಲ. ತುಂಬಾ ನಿದ್ದೆ ಮಾಡಿದ ಮನುಷ್ಯನಿಗೆ ಆಕಳಿಕೆ ಎಲ್ಲಿಂದ ಬರಬೇಕು? ಬಾಯಿ ತೆರೆದು ನೋಡಿದರು, ಗಲ್ಲ ಜಗ್ಗಿ ನೋಡಿದರು. ನಾಟಕದಲ್ಲಿ ಕುಂಭಕರ್ಣನ ಪಾತ್ರದವನು ತರುವಂಥ ಒಂದು ಸುಳ್ಳು ಆಕಳಿಕೆಯನ್ನೂ ತಂದು ನೋಡಿದರು. ಪರದೆ ಅಲುಗಲಿಲ್ಲವೆಂದು ಅವರ ಮುಖ ಹೇಳುತ್ತಿತ್ತು.

"ಆತು ನೋಡ್ರಿ," ಎಂದರು ಮೆಲ್ಲಗೆ. "ಡಾಕ್ಟರಬಾಯಿ ಹೇಳಿದ್ದು ಖರೇ. ರೋಗ ಹೋತು, ಅದರ ಕೂಡ ವಿದ್ಯಾನೂ ಹೋತು. ನೀವಿನ್ನ ಬ್ಯಾರೆ ಕಡಿ ನೋಡ್ರಿ."

ಎದ್ದು ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ಆ ಹೊತ್ತಿಗೆ ಗಂಗಾಬಾಯಿ ಚಹಾದ ತಟ್ಟೆ ಹಿಡಿದು ನಡುಬಾಗಿಲಲ್ಲಿ ಬಂದು ನಿಂತರು. ನಿಂತವರು ಆಕಳಿಸಿದರು. ನಮ್ಮ ಘರಾಣೆಯ ಶಿಸ್ತು ಅದರಲ್ಲಿ ಏನೂ ಇರಲಿಲ್ಲ. ಕೈಯಲ್ಲಿ ತಟ್ಟೆ, ಬಾಯಿಗೆ ಸೆರಗು ಅಡ್ಡ ಹಿಡಿಯಲೂ ಆಗದು. ದೊಡ್ಡದಾಗಿ, ಉದ್ದವಾಗಿ, ಸದ್ದು ಮಾಡಿ ಆಕಳಿಸಿದರು. ಎಷ್ಟೋ ವರ್ಷ ಮುಂದೂಡಿಕೊಂಡು ಬಂದ ಆಕಳಿಕೆ ಒಂದೇ ಕಂತಿನಲ್ಲಿ ಬಂದಂತಿತ್ತು. ಕಪ್ಪುಗಳು ಬಸಿಗಳ ಮೇಲೆ ಕಿಣಿಕಿಣಿ ಎಂದವು.

ಗುರುಗಳು ನೋಡುತ್ತಿದ್ದರು. ನೋಡುತ್ತಿದ್ದಂತೆ ಅವರ ಮೂಗಿನ ಹೊಳ್ಳೆ ಅರಳಿತು. ಗಂಟಲಮಣಿ ಇಳಿಯಿತು. ತಡೆಯಿರಿ ಎಂಬಂತೆ ಒಂದು ಬೆರಳು ಮೇಲೆತ್ತಿ, ಬಾಯಿ ತೆರೆಯುವ ಮೊದಲಿನ ಆ ಕ್ಷಣದಲ್ಲಿ 'ಸಾ' ಇಟ್ಟರು. ಇಟ್ಟು, ತಮ್ಮ ಮೂಗನ್ನು ತಾವೇ ಹಿಡಿದರು. ಧ್ವನಿ ಬದಲಾಗಲಿಲ್ಲ. ಬಿಟ್ಟರು, ಮತ್ತೆ ಹಿಡಿದರು. ಬದಲಾಗಲಿಲ್ಲ. ಅಷ್ಟರಲ್ಲಿ ಆಕಳಿಕೆ ರಫೀಕನಿಗೆ ದಾಟಿ, ಅವನಿಂದ ಶರಣಮ್ಮನವರಿಗೆ ಹೋಗಿಯಾಗಿತ್ತು.

ಆಮೇಲೆ ಅವರು ಬಹಳ ವರ್ಷ ಕಲಿಸಿದರು. ಹೋದ ತಿಂಗಳು ಒಂದು ಸಂಜೆ ಚಹಾ ಕುಡಿದು, ಲೋಟ ಕೆಳಗಿಟ್ಟು, ಕೂತಲ್ಲೇ ತೀರಿಕೊಂಡರು. "ನಾ ಅಂಜಿದ್ದು ನಿದ್ದಿಗಿ," ಎಂದರು ಗಂಗಾಬಾಯಿ, ಮಾತಾಡಿಸಲು ಹೋದಾಗ. "ಅವರು ಎಚ್ಚರಿದ್ದಾಗ ಹೋದ್ರು." ಅಧ್ಯಕ್ಷರಿಗೆ ನಾನು ಹೇಳಬೇಕಾಗಿದ್ದ ಸಮಜಾಯಿಷಿ ಇಲ್ಲಿಗೆ ಮುಗಿಯಿತು. ಆದರೆ ಆ ಮಧ್ಯಾಹ್ನದ ಪಾಠ ಇನ್ನೂ ಸ್ವಲ್ಪ ಉಳಿದಿದೆ.

ಗಂಗಾಬಾಯಿ ತಟ್ಟೆಯನ್ನು ಶರಣಮ್ಮನವರ ಕೈಗೆ ಕೊಟ್ಟು, "ನಂಗ್ಯಾಕೋ ಕಣ್ಣು ಎಳೀಲಾಕತ್ತಾವ, ನೀವೇ ತಗೋರಿ" ಎಂದು ಒಳಗೆ ಹೋದರು. ನಾವು ಚಹಾ ಕುಡಿದೆವು. ಗುರುಗಳು ಎದ್ದು ಒಳಗೆ ಇಣುಕಿ ನೋಡಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿ ಬಂದು ಕೂತರು. ತಂಬೂರಿ ಪೆಟ್ಟಿಗೆಯ ದನಿಯನ್ನು ತಗ್ಗಿಸಿದರು. ಆಕಳಿಕೆಯ ನಂತರದ ಪಾಠ ಯಾವುದೆಂದು ನಮಗೆಲ್ಲ ಬಾಯಿಪಾಠ. ರಫೀಕ್ ಆಗಲೇ ಉಸಿರು ತಗೊಂಡು 'ಗಂ' ಎನ್ನಲು ಸಿದ್ಧನಾಗಿದ್ದ. ಗುರುಗಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟರು.

"ಇವತ್ತ ಅದು ಬ್ಯಾಡ, ಬ್ಯಾರೆ ಏನರ ಅನ್ರಿ," ಎಂದರು. "ಗಂಗಾ ಮಲಗ್ಯಾಳ."